ಶಾಂತಕ್ಕನ ಐದು ಪವನು

ನರಸಿಂಹರಾಜಪುರ
೯ ಜೂನ್ ೨೦೨೫

ಗೋದಾವರಿ,

ನಿನ್ನೆ ಎರಡು ಸಲ ಫೋನ್ ಮಾಡಿದೆ. ನೀನು ಎತ್ತಿ "ಯಾರು, ಯಾರು" ಅಂತ ಕೂಗಿ ಇಟ್ಟುಬಿಟ್ಟೆ. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹತ್ತು ಲೈನು ಒಟ್ಟಿಗೆ ಗುರುಗುಟ್ಟಿದರೂ ಯಾವುದು ಶಿವಮೊಗ್ಗ, ಯಾವುದು ಚಿಕ್ಕಮಗಳೂರು ಅಂತ ಹೇಳುತ್ತಿದ್ದವಳು ನೀನು. ಈಗ ನನ್ನ ದನಿಯೇ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಓದುವುದಿಲ್ಲ ಎಂಬ ಹಟ ಬೇರೆ. ಹಾಗಾಗಿ ಕಾಗದ.

ಸುದ್ದಿ ಏನೆಂದರೆ, ಶನಿವಾರ ಶಾಂತಕ್ಕ ಬಂದಿದ್ದರು. ಹೌದು, ಬಾಳಗಡಿಯಲ್ಲಿ ನಮಗಿಬ್ಬರಿಗೂ ಹನ್ನೊಂದು ವರ್ಷ ಊಟ ಹಾಕಿದ ನಮ್ಮ ಶಾಂತಕ್ಕನೇ. ಸಿರಿಮನೆಯ ತಮ್ಮನ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟು, ಶೃಂಗೇರಿಯಲ್ಲೊಂದು, ಕೊಪ್ಪದಲ್ಲೊಂದು ಬಸ್ಸು ಬದಲಿಸಿ, ಹನ್ನೆರಡೂವರೆಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ತುಂಬ ಸೊರಗಿದ್ದಾರೆ. ಎಪ್ಪತ್ತಾರು ಆಯಿತಲ್ಲ.

ಅವರ ತಾಯಿಯ ಕಾಲದ ಪವನಿನ ಸರ ನೆನಪಿದೆಯಾ? ಕರಿಮಣಿಯ ನಡುವೆ ಐದು ಬ್ರಿಟಿಷ್ ಪವನಿನ ನಾಣ್ಯ. ಅದನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ನೀವಿಬ್ರೂ ಹಳೇ ಪವನು ತಗಂಡು ಇಡ್ತೀರಂತೆ. ಇದನ್ನೂ ತಗಳಿ" ಅಂದರು.

"ಎಂತಕ್ಕೆ ಶಾಂತಕ್ಕ ಈಗ ಮಾರೋದು?"

"ತಮ್ಮನಿಗೆ ಹೊಸ ಪಂಪ್‌ಸೆಟ್ಟು ಬೇಕಂತೆ ಮಾರಾಯ್ತಿ. ನಾ ಇದನ್ನು ಹಾಕ್ಕಂಡು ಯಾರ ಮದ್ವೆಗೆ ಹೋಪುದಿದೆ?"

ಕೊಪ್ಪದಲ್ಲಿ ಇಳಿದೂ ನಿನ್ನ ಮನೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. "ಅವಳು ಮಾರಲಿಕ್ಕೆ ಬಿಡೂದಿಲ್ಲ" ಅಂತ ನಕ್ಕರು.

ಆ ದಿನದ ರೇಟಿಗೇ ತೆಗೆದುಕೊಂಡೆ. ತೂಕ ಮಾಡಿಸಿ, ಕೊಂಡಿಗಳ ಬೆಸುಗೆಗೆ ಇಷ್ಟು ಅಂತ ಕಳೆದು, ನಮ್ಮ ಜಂಟಿ ಖಾತೆಯಿಂದ ಅವರ ತಮ್ಮನ ಪಾಸ್‌ಬುಕ್ಕಿಗೆ ಮೂರೂವರೆ ಲಕ್ಷ ಹಾಕಿದೆ. ಈಗ ಲಾಕರಿನಲ್ಲಿ ನಮ್ಮದು ಒಟ್ಟು ಹತ್ತೊಂಬತ್ತು ಪವನು. ನೆನಪು ಮಾಡಿಕೋ, ಸ್ವಯಂನಿವೃತ್ತಿಯ ದುಡ್ಡು ಬಂದ ವರ್ಷ ನಾವು ಮೊದಲನೆಯದು ಕೊಂಡಾಗ ಎಲ್ಲರೂ ನಕ್ಕಿದ್ದರು. ಒಡವೆ ಮಾಡಿಸಿದರೆ ಮಜೂರಿ ಹೋಗುತ್ತದೆ, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಇಳಿಯುತ್ತದೆ, ಪವನು ಮಾತ್ರ ಎಲ್ಲಿ ತೂಗಿದರೂ ಒಂದೇ ತೂಕ ಅಂದವಳು ನೀನೇ. ಆಗ ಕೊಟ್ಟದ್ದರ ಎರಡರಷ್ಟು ಆಗಲೇ ಆಗಿದೆ.

ಶಾಂತಕ್ಕ ಕಾಫಿ ಮಾತ್ರ ಕುಡಿದರು. ಊಟಕ್ಕೆ ಎಷ್ಟು ಹೇಳಿದರೂ ಕೂರಲಿಲ್ಲ.

ಮಗಳು ಶ್ವೇತ ಬಂದಿದ್ದಾಳೆ, ನಿನ್ನನ್ನು ಕೇಳಿದಳು.

ನಿನ್ನ
ಅನ್ನಪೂರ್ಣ


ಬಾಳಗಡಿ, ಕೊಪ್ಪ
೧೬ ಜೂನ್ ೨೦೨೫

ಅನ್ನಪೂರ್ಣ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ತಕ್ಷಣ ಬರೆದಿದ್ದರೆ ಕೆಟ್ಟ ಮಾತು ಬರೆಯುತ್ತಿದ್ದೆ.

ಬೆಸುಗೆಗೆ ಕಳೆದೆ ಎಂದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಎಂಬತ್ತಾರರಲ್ಲಿ ನಿನಗೆ ಟೈಫಾಯ್ಡ್ ಆದಾಗ ಇಪ್ಪತ್ತೆರಡು ದಿನ ತನ್ನ ಕೋಣೆಯಲ್ಲಿ ಮಲಗಿಸಿಕೊಂಡು ಗಂಜಿ ಕುಡಿಸಿದವರು ಅವರು. ನಿನ್ನ ತಲೆಗೂದಲು ಉದುರುತ್ತಿತ್ತು, ದಿಂಬಿನ ಮೇಲಿನದನ್ನು ನಿನಗೆ ಕಾಣದ ಹಾಗೆ ಬೆಳಿಗ್ಗೆ ಬೆಳಿಗ್ಗೆ ಹೆಕ್ಕಿ ತೆಗೆಯುತ್ತಿದ್ದರು. ಆ ತಿಂಗಳ ಊಟದ ಲೆಕ್ಕ ಕೇಳಿದ್ದಕ್ಕೆ, "ಕಾಯಿಲೆಯವಳು ಎಷ್ಟು ಉಂಡಿದ್ದಾಳೆ ಅಂತ ಲೆಕ್ಕ ಮಾಡೂದು" ಅಂದದ್ದು ನನಗೆ ಈಗಲೂ ಕೇಳಿಸುತ್ತದೆ. ಈಗ ಕೇಳಿಸುವುದೆಲ್ಲ ಅಂಥದ್ದೇ, ಹಳೆಯದು.

ದುಡ್ಡನ್ನು ಹಾಗೇ ಕೊಟ್ಟು ಸರವನ್ನು ಅವರ ಕೈಗೇ ಹಾಕಿ ಕಳಿಸಬೇಕಿತ್ತು. ಆದದ್ದು ಆಯಿತು. ಆ ಐದನ್ನು ಬೇರೆ ಡಬ್ಬಿಯಲ್ಲಿಡು. ಅವರು ಕೇಳಿದ ದಿನ ಅದೇ ಬೆಲೆಗೆ ವಾಪಸು ಕೊಡೋಣ.

ನಮ್ಮ ಪವನಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪ್ರತಿಯೊಂದರ ಮೇಲಿನ ಇಸವಿ, ರಾಜನೋ ರಾಣಿಯೋ, ಎರಡನ್ನೂ ತಿಳಿಸು.

ಗೋದಾವರಿ


ನರಸಿಂಹರಾಜಪುರ
೨೪ ಜೂನ್ ೨೦೨೫

ಗೋದಾವರಿ,

ಹಾಗೇ ಕೊಟ್ಟಿದ್ದರೆ ಶಾಂತಕ್ಕ ತೆಗೆದುಕೊಳ್ಳುತ್ತಿದ್ದರಾ? ಚೀಲ ಎತ್ತಿಕೊಂಡು ಮುಂದಿನ ಬಸ್ಸಿಗೆ ಹೋಗುತ್ತಿದ್ದರು. ವ್ಯಾಪಾರ ಅಂದದ್ದಕ್ಕೇ ಅವರು ಕೂತದ್ದು. ಇದನ್ನೆಲ್ಲ ಎದುರಿಗಿದ್ದವಳು ನಾನು, ನೀನಲ್ಲ.

ನಿನ್ನ ಪುಸ್ತಕಕ್ಕೆ: ವಿಕ್ಟೋರಿಯಾ ರಾಣಿ ೧೮೮೭ ಮತ್ತು ೧೮೯೩. ಎಡ್ವರ್ಡ್ ೧೯೦೭. ಜಾರ್ಜ್ ೧೯೧೩. ನಡುವಿನ ಪದಕದ್ದು ಜಾರ್ಜ್ ೧೯೧೭.

ಟೈಫಾಯ್ಡ್ ನನಗೂ ನೆನಪಿದೆ. ಕಾಯಿಲೆ ಬಿದ್ದವಳು ನಾನಲ್ಲವಾ?

ಅನ್ನಪೂರ್ಣ


ಬಾಳಗಡಿ
೩೦ ಜೂನ್ ೨೦೨೫

ಅನ್ನಪೂರ್ಣ,

ಸಿಟ್ಟು ಆಮೇಲೆ ಮಾಡೋಣ. ಮೊದಲು ಲಾಕರಿಗೆ ಹೋಗಿ ಆ ೧೯೧೭ರದ್ದನ್ನು ತೆಗೆದು ನೋಡು. ಕುದುರೆ ಸವಾರನ ಬದಿ ತಿರುಗಿಸು. ಕುದುರೆಯ ಕಾಲ ಕೆಳಗೆ ನೆಲದ ಗೆರೆ ಇದೆಯಲ್ಲ, ಇಸವಿಯ ಸ್ವಲ್ಪ ಮೇಲೆ, ಅಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ ಇರಬೇಕು. ಎಂ ಇದ್ದರೆ ಮೆಲ್ಬರ್ನಿನ ಟಂಕಸಾಲೆ, ಎಸ್ ಇದ್ದರೆ ಸಿಡ್ನಿ, ಪಿ ಇದ್ದರೆ ಪರ್ತ್. ಯಾವುದಾದರೂ ಒಂದಿದ್ದರೆ ಅದು ಬರೀ ಚಿನ್ನದ ಬೆಲೆಯದು.

ಏನೂ ಇಲ್ಲದಿದ್ದರೆ ಲಂಡನ್ನಿನಲ್ಲೇ ಹೊಡೆದದ್ದು. ಯುದ್ಧದ ವರ್ಷ. ಅಲ್ಲಿಯದು ಉಳಿದಿರುವುದು ಬಹಳ ಕಡಿಮೆ ಎಂದು ಓದಿದ್ದೇನೆ. ಕೊಪ್ಪದ ಅಕ್ಕಸಾಲಿ ಯೋಗೇಂದ್ರಾಚಾರರ ಹತ್ತಿರ ಭೂತಗನ್ನಡಿ ಇದೆ, ಅವರಿಗೆ ತೋರಿಸು. ಬೇರೆ ಯಾರಿಗೂ ಬೇಡ.

ಗೋದಾವರಿ


ನರಸಿಂಹರಾಜಪುರ
೧೯ ಜುಲೈ ೨೦೨೫

ಗೋದಾವರಿ,

ಅಕ್ಷರ ಇಲ್ಲ.

ಗುರುವಾರ ಯೋಗೇಂದ್ರಾಚಾರರ ಅಂಗಡಿಗೆ ಹೋಗಿದ್ದೆ. ಕೊಪ್ಪಕ್ಕೆ ಬಂದೂ ನಿನ್ನಲ್ಲಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬಾಳಗಡಿ ಕಡೆಗೆ ಒಂದು ಆಟೋ ಹತ್ತಿದ್ದೂ ನಿಜ, ಇಳಿದದ್ದೂ ನಿಜ. ನಿನ್ನ ಮುಖ ನೋಡಿದ್ದರೆ ಇದನ್ನು ಹೇಳಲಾಗುತ್ತಿರಲಿಲ್ಲ.

ಆಚಾರರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಎಷ್ಟು ಹೊತ್ತು ನೋಡಿದರು ಎಂದರೆ, ಅಂಗಡಿಗೆ ಬಂದ ಇಬ್ಬರು ಕಾದು ಕಾದು ಎದ್ದು ಹೋದರು. ಉಳಿದ ನಾಲ್ಕಕ್ಕೂ ಕೊಂಡಿ ಬೆಸೆದು ಅಂಚಿಗೆ ಗಾಯವಾಗಿದೆಯಂತೆ. ಇದನ್ನು ಮಾತ್ರ ಹಿಂದಿನ ಕಾಲದ ಯಾರೋ ಜಾಣ ಅಕ್ಕಸಾಲಿ, ಬೆಸುಗೆ ತಾಗದ ಹಾಗೆ ಸುತ್ತ ಕಟ್ಟು ಹಾಕಿ ಕೂರಿಸಿದ್ದಾನೆ. ಕಟ್ಟು ಬಿಡಿಸಿದರೆ ಮೊನ್ನೆ ಹೊಡೆದ ಹಾಗಿದೆ. ತೂಕ ಸರಿ, ನೀರಿನಲ್ಲಿ ತೂಗಿದರೂ ಸರಿ. "ಅಮ್ಮಾ, ಇದಕ್ಕೆ ನಕಲು ತುಂಬಾ ಬತ್ತದೆ. ತಿಳಿದವರಿಗೆ ತೋರ್ಸಿ. ಅಸಲಿ ಆದ್ರೆ ನಂಗೆ ಬೆಲೆ ಹೇಳ್ಲಿಕ್ಕೆ ಗೊತ್ತಿಲ್ಲ" ಅಂದರು. ಮಂಗಳೂರಿನಲ್ಲಿ ಹಳೆಯ ನಾಣ್ಯ ಕೂಡಿಡುವ ಒಬ್ಬರ ನಂಬರು ಕೊಟ್ಟರು. ಫೋಟೋ ಕಳಿಸಿದೆ. ಅಸಲಿಯಾದರೆ ಎಂಟರಿಂದ ಹತ್ತು ಲಕ್ಷ ಎಂದು ಆ ಮನುಷ್ಯ ತಾನಾಗಿಯೇ ಹೇಳಿದ.

ಗೋದೂ, ನಾನು ಕೊಳ್ಳುವಾಗ ನನಗೆ ಇದು ಗೊತ್ತಿರಲಿಲ್ಲ. ನೀನು ಬರೆಯದಿದ್ದರೆ ಈಗಲೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಬೆಲೆ ಕೊಟ್ಟು ಕೊಂಡ ವಸ್ತು.

ಶ್ವೇತಳದ್ದು ನಿನಗೆ ಪೂರ್ತಿ ಬರೆದಿರಲಿಲ್ಲ. ಅವಳು ಭದ್ರಾವತಿಗೆ ಇನ್ನು ವಾಪಸು ಹೋಗುವುದಿಲ್ಲ. ಗಂಡ ಕೈ ಮಾಡಿದ್ದು ಒಂದು ಸಲ ಅಲ್ಲವಂತೆ. ನಾವಿರುವುದು ಮೈದುನನ ಮನೆಯ ಹಿಂದಿನ ಎರಡು ಕೋಣೆ. ಮಗು ಓಡಾಡಿದರೆ ಮುಂದಿನ ಮನೆಯ ರೇಡಿಯೋ ಜೋರಾಗುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಅಷ್ಟೇ. ಪೇಟೆಯ ಆಚೆ ಒಂದು ಸಣ್ಣ ಮನೆ ಮಾರಾಟಕ್ಕಿದೆ.

ಇಷ್ಟು ಬರೆದರೆ ನಿನಗೆ ಅರ್ಥವಾಗುತ್ತದೆ.

ಅನ್ನಪೂರ್ಣ


ಬಾಳಗಡಿ
೨೫ ಜುಲೈ ೨೦೨೫

ಅನ್ನಪೂರ್ಣ,

ಶ್ವೇತಳ ವಿಷಯ ಓದಿ ಸಂಕಟವಾಯಿತು. ಅವಳು ಮಗುವನ್ನು ಕರೆದುಕೊಂಡು ಇಲ್ಲಿಗೆ ಬಂದು ಎಷ್ಟು ದಿನ ಬೇಕಾದರೂ ಇರಲಿ. ಮಗು ಎಷ್ಟು ಗಲಾಟೆ ಮಾಡಿದರೂ ಈ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ.

ಆದರೆ ಆ ಪವನು ನಮ್ಮದಲ್ಲ. ಕೊಳ್ಳುವಾಗ ಗೊತ್ತಿರಲಿಲ್ಲ ಎಂಬುದು ನಿಜ. ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ವ್ಯಾಪಾರ ಅನ್ನುವುದಿಲ್ಲ.

ನೀನೇ ಹೋಗಿ ಶಾಂತಕ್ಕನಿಗೆ ಹೇಳು. ನಿನಗಾಗದಿದ್ದರೆ ನಾನು ಹೋಗುತ್ತೇನೆ. ಸಿರಿಮನೆ ಏನು ಕಾಶಿಯಲ್ಲ.

ಗೋದಾವರಿ


ನರಸಿಂಹರಾಜಪುರ
೨ ಆಗಸ್ಟ್ ೨೦೨೫

ಗೋದಾವರಿ,

ಒಂದು ತಿಂಗಳು ತಡೆ. ಅಷ್ಟೇ ಕೇಳುವುದು.

ನಕಲು ಎಂದು ಗೊತ್ತಾದರೆ? ಎಪ್ಪತ್ತಾರರ ಹೆಂಗಸಿಗೆ ಹತ್ತು ಲಕ್ಷದ ಆಸೆ ತೋರಿಸಿ ಆಮೇಲೆ ಇಲ್ಲ ಎನ್ನುವುದಾ? ಮೊದಲು ಮಂಗಳೂರಿನಲ್ಲಿ ಪರೀಕ್ಷೆಯಾಗಲಿ. ಅಸಲಿಯಾದರೆ ಮೂವರೂ ಸಮನಾಗಿ ಹಂಚಿಕೊಳ್ಳೋಣ. ಶಾಂತಕ್ಕ, ನೀನು, ನಾನು. ಇದಕ್ಕಿಂತ ನ್ಯಾಯ ಇನ್ನೇನಿದೆ ಹೇಳು.

ನಿನ್ನ ಕಿವಿಗೆ ಒಳಗೆ ಯಂತ್ರ ಕೂರಿಸುವ ಆಪರೇಷನ್ ಇದೆ ಎಂದು ಹೋದ ವರ್ಷ ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ ಎಷ್ಟು ಅಂದಿದ್ದರು?

ಅನ್ನಪೂರ್ಣ


ಸಿರಿಮನೆ
೨೬ ಆಗಸ್ಟ್ ೨೦೨೫

ಗೋದಾವರಿಗೆ ಶಾಂತಕ್ಕನ ಆಶೀರ್ವಾದ.

ನಿನ್ನ ಕಿವಿ ಪೂರ್ತಿ ಹೋಗಿದೆ ಎಂದು ಅನ್ನಪೂರ್ಣ ಹೇಳಿದಳು. ನನಗೆ ಅಕ್ಷರ ಬರೆಯದೆ ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದು.

ಸರ ಕೊಡಲಿಕ್ಕೆ ಹೋದ ದಿನ ನಾನು ಅವಳ ಮನೆಯಲ್ಲಿ ಊಟ ಮಾಡಲಿಲ್ಲ. ಅವಳು ಬೇಜಾರು ಮಾಡಿಕೊಂಡಿರಬಹುದು. ಈಚೆಗೆ ಅನ್ನ ಸೇರುವುದಿಲ್ಲ, ಅಷ್ಟೇ ಎಂದು ಅವಳಿಗೆ ಹೇಳು.

ಸರ ಮಾರಿದ್ದಕ್ಕೆ ನೀನು ಬೈಯುತ್ತೀಯ ಎಂದು ಗೊತ್ತು. ಬೈಯಬೇಡ. ಬೆಂಡೋಲೆ ಒಂದು ಜೊತೆ ಉಂಟು. ನಿಮ್ಮ ಪವನಿನ ಲೆಕ್ಕಕ್ಕೆ ಅದು ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬರುವುದಾದರೆ ತಿಳಿಸು, ತಮ್ಮನ ಕೈಯಲ್ಲಿ ಕಳಿಸುತ್ತೇನೆ. ಅವಸರವಿಲ್ಲ. ಆದರೆ ತುಂಬಾ ತಡ ಮಾಡಬೇಡ.

ಒಂದು ಸಲ ಬಂದು ಹೋಗು. ಶೃಂಗೇರಿಯಿಂದ ಇಲ್ಲಿಗೆ ಕಿಗ್ಗದ ಬಸ್ಸು ಬೆಳಿಗ್ಗೆ ಉಂಟು. ಮಾತಾಡಲಿಕ್ಕೆ ಆಗದಿದ್ದರೂ ಎದುರು ಕೂತುಕೊಂಡರೆ ಸಾಕು.

ಶಾಂತ


ಬಾಳಗಡಿ
೧೦ ಸೆಪ್ಟೆಂಬರ್ ೨೦೨೫

ಅನ್ನಪೂರ್ಣ,

ಶಾಂತಕ್ಕನ ಕಾಗದ ಬಂದಿದೆ. ಬೆಂಡೋಲೆ ಮಾರುತ್ತೇನೆ ಎಂದಿದ್ದಾರೆ. ಪಂಪ್‌ಸೆಟ್ಟಿಗೆ ಇಷ್ಟು ದುಡ್ಡು ಬೇಕಾ? ಬರಲು ಹೇಳಿದ್ದಾರೆ. ಏನಂತ ಉತ್ತರ ಬರೆಯಬೇಕೋ ತಿಳಿಯದೆ ಇನ್ನೂ ಬರೆದಿಲ್ಲ. ಪವನಿನ ವಿಷಯ ಬರೆಯದೆ ಬೇರೇನು ಬರೆದರೂ ಸುಳ್ಳಾಗುತ್ತದೆ. ಬರೆದರೆ ನೀನು ಕೇಳಿದ, ನಾನು ಮನಸ್ಸಿನಲ್ಲೇ ಒಪ್ಪಿದ ಒಂದು ತಿಂಗಳ ಮಾತು ತಪ್ಪುತ್ತದೆ. ತಿಂಗಳು ಈಗಾಗಲೇ ಮುಗಿದಿದೆ.

ಮಂಗಳೂರಿನಿಂದ ಏನು ಹೇಳಿದರು?

ಆಪರೇಷನ್ನಿಗೆ ಎಂಟು ಲಕ್ಷ ಅಂದಿದ್ದರು.

ಗೋದಾವರಿ


ನರಸಿಂಹರಾಜಪುರ
೨೯ ಸೆಪ್ಟೆಂಬರ್ ೨೦೨೫

ಗೋದಾವರಿ,

ಅಸಲಿ. ಒಂಬತ್ತು ಲಕ್ಷಕ್ಕೆ ಕೊಟ್ಟೆ.

ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಆ ಮನೆ ಮಾರುವವನು ಬೇರೆ ಗಿರಾಕಿ ತಂದಿದ್ದ, ಮೂರು ದಿನದ ಗಡುವು ಕೊಟ್ಟಿದ್ದ. ಸೋಮವಾರ ಮುಂಗಡ ಕೊಟ್ಟು ಕರಾರು ಮಾಡಿಕೊಂಡೆ. ನಿನ್ನ ಅರ್ಧ ನಾಲ್ಕೂವರೆ ಲಕ್ಷ ನಿನ್ನ ಖಾತೆಗೆ ಹಾಕಿದ್ದೇನೆ. ನಿನ್ನ ಹತ್ತಿರ ಇರುವುದನ್ನು ಸೇರಿಸಿದರೆ ಆಪರೇಷನ್ ಆಗುತ್ತದೆ. ಮಾಡಿಸಿಕೋ. ಮತ್ತೆ ಫೋನಿನಲ್ಲಿ ಮಾತಾಡೋಣ.

ಮೂರು ಪಾಲು ಎಂದಿದ್ದೆ. ಮೂರು ಮಾಡಿದ್ದರೆ ನನ್ನದು ಮನೆಗೆ ಸಾಲುತ್ತಿರಲಿಲ್ಲ. ಶಾಂತಕ್ಕನಿಗೆ ಉಳಿದ ನಾಲ್ಕು ಪವನು ವಾಪಸು ಕೊಡೋಣ. ಮನೆಯ ಗಲಾಟೆ ಮುಗಿಯಲಿ, ದೀಪಾವಳಿಯ ಹೊತ್ತಿಗೆ ಇಬ್ಬರೂ ಒಟ್ಟಿಗೆ ಹೋಗಿ ಕೊಟ್ಟು ಬರೋಣ.

ಬೈದು ಒಂದು ಕಾಗದ ಬರೆದುಬಿಡು. ಸುಮ್ಮನಿರಬೇಡ.

ಅನ್ನಪೂರ್ಣ


ಬಾಳಗಡಿ
೮ ನವೆಂಬರ್ ೨೦೨೫

ಅನ್ನಪೂರ್ಣ,

ಭಾನುವಾರ ಸಿರಿಮನೆಗೆ ಹೋಗಿದ್ದೆ. ಶಾಂತಕ್ಕ ಇಲ್ಲ. ಅಕ್ಟೋಬರ್ ಹದಿನಾಲ್ಕಕ್ಕೆ ತೀರಿಕೊಂಡರು.

ನನಗೆ ಗೊತ್ತಾದದ್ದು ಅಂಗಳದಲ್ಲಿ. ಅವರ ತಮ್ಮ ವೆಂಕಟರಮಣರು ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎಂದಿನಂತೆ ಜೋರಾಗಿ "ಶಾಂತಕ್ಕ ಇದ್ದಾರಾ" ಅಂದೆ. ಅವರು ಏನೋ ಅಂದರು. ಕೇಳಲಿಲ್ಲ. ನಾನು ಮತ್ತೆ ಕೂಗಿದೆ, "ಒಳಗಿದ್ದಾರಾ? ಕರೀರಿ". ಅವರ ಹೆಂಡತಿ ಬಾಗಿಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ತಿಳಿಯಿತು.

ಜಗಲಿಯಲ್ಲಿ ಕೂರಿಸಿದರು. ನನಗೆ ಕಿವಿ ಕೇಳುವುದಿಲ್ಲ, ಬರೆದು ತೋರಿಸಿ ಎಂದೆ. ವೆಂಕಟರಮಣರು ಒಳಗೆ ಹೋಗಿ ಆಸ್ಪತ್ರೆಯ ಫೈಲು ತಂದರು. ಮನೆಯಲ್ಲಿ ಬೇರೆ ಕಾಗದ ಇರಲಿಲ್ಲವೋ ಏನೋ, ಅದರೊಳಗಿನ ರಿಪೋರ್ಟುಗಳ ಬೆನ್ನಿಗೇ ಬರೆದು ಬರೆದು ನನ್ನ ಕಡೆ ಸರಿಸಿದರು. ಅವರು ಬರೆದದ್ದನ್ನು ಬರೆದ ಹಾಗೇ ನಿನಗೆ ಕಳಿಸುತ್ತಿದ್ದೇನೆ. ನೀನೂ ಓದಬೇಕು.

"ಹೊಟ್ಟೆಯ ಕ್ಯಾನ್ಸರ್. ಮೇ ತಿಂಗಳಲ್ಲಿ ಗೊತ್ತಾಯ್ತು. ಮಂಗಳೂರಿನಲ್ಲಿ ಇಂಜೆಕ್ಷನ್. ಮೂರು ವಾರಕ್ಕೊಂದು."

ಪಂಪ್‌ಸೆಟ್ಟು ಎಂದಿದ್ದರಲ್ಲ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಅವರ ತೋಟಕ್ಕೆ ಪಂಪ್‌ಸೆಟ್ಟೇ ಇಲ್ಲವಂತೆ. ಹಳ್ಳದ ನೀರು ತಾನಾಗಿ ಬರುತ್ತದಂತೆ.

"ಐದು ಇಂಜೆಕ್ಷನ್ ಆಯ್ತು. ಸರದ ದುಡ್ಡು ಅಲ್ಲಿಗೆ ಮುಗೀತು. ತೋಟ ಅಡ ಇಡ್ತೇನೆ ಅಂದೆ. ಅಕ್ಕ ಬೇಡ ಅಂದ್ಲು. ಇಂಜೆಕ್ಷನ್ ತಗಂಡರೆ ವಾಂತಿ, ತಗಳದಿದ್ರೆ ನೋವು, ಎರಡೂ ಒಂದೇ ಅಂದ್ಲು. ಬೆಂಡೋಲೆಗೆ ಕೊಪ್ಪದಿಂದ ಉತ್ತರ ಬತ್ತದೆ ಅಂತ ಸ್ವಲ್ಪ ದಿನ ನೋಡಿದ್ಲು."

ಆ ಉತ್ತರ ಬರೆಯಬೇಕಾದವಳು ನಾನು.

ಕೊನೆಗೆ ನಾನು ಕೇಳಬಾರದ್ದನ್ನು ಕೇಳಿದೆ. ಶೃಂಗೇರಿಯಲ್ಲಿ ಅಷ್ಟೊಂದು ಚಿನ್ನದಂಗಡಿ ಇರುವಾಗ, ಆ ಮೈಯಲ್ಲಿ ಮೂರು ಬಸ್ಸು ಹತ್ತಿ ಎನ್.ಆರ್. ಪುರದವರೆಗೆ ಯಾಕೆ ಹೋದರು ಎಂದು. ವೆಂಕಟರಮಣರು ಇನ್ನೊಂದು ರಿಪೋರ್ಟು ತಿರುಗಿಸಿಕೊಂಡರು. ಆಮೇಲೆ ಬರೆದರು.

"ನಾನೂ ಅದೇ ಅಂದೆ. ಹೊರಗಿನವರು ಮೋಸ ಮಾಡ್ತ್ರು ಅಂದ್ಲು. ನಮ್ಮ ಹುಡ್ಗೀರ ಹತ್ರ ಕೊಟ್ರೆ ಒಂದು ಪೈಸೆ ಆಚೀಚೆ ಆಗ್ತಿಲ್ಲೆ ಅಂದ್ಲು."

ನಮಗೆ ಅರವತ್ತನಾಲ್ಕು ವರ್ಷ, ಅನ್ನಪೂರ್ಣ. ನಮ್ಮ ಹುಡುಗಿಯರು ಅಂದರಂತೆ.

ನಾನು ಎಲ್ಲವನ್ನೂ ಹೇಳಿದೆ. ೧೯೧೭, ಅಕ್ಷರ ಇಲ್ಲದ್ದು, ಮಂಗಳೂರು, ಒಂಬತ್ತು ಲಕ್ಷ. ಎಷ್ಟು ಜೋರಾಗಿ ಹೇಳಿದೆನೋ ನನಗೆ ಗೊತ್ತಿಲ್ಲ. ಕೆಳಗಿನ ಮನೆಯ ಅಂಗಳಕ್ಕೆ ಇಬ್ಬರು ಹೆಂಗಸರು ಬಂದು ನಿಂತು ನೋಡುತ್ತಿದ್ದರು. ಆಮೇಲೆ ನಾಲ್ಕೂವರೆ ಲಕ್ಷದ ಚೆಕ್ಕನ್ನು ಅವರ ಮುಂದಿಟ್ಟೆ.

ಅವರು ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ಬೈದು ಹೊರಗೆ ಕಳಿಸುತ್ತಾರೆ ಎಂದು. ಎರಡೂ ಮಾಡಲಿಲ್ಲ. "ಈಗ ಎಂತಕ್ಕೆ ಹೇಳಿದ್ರಿ?" ಎಂದಷ್ಟೇ ಬರೆದರು. ನನ್ನ ಉತ್ತರಕ್ಕೆ ಕಾದರು. ಆಮೇಲೆ ಚೆಕ್ಕನ್ನು ಎತ್ತಿಕೊಂಡು ಹೋಗಿ ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲಕ್ಕೆ ಹಾಕಿದರು, ಕರೆಂಟ್ ಬಿಲ್ಲು ಹಾಕುವ ಹಾಗೆ. ಬಸ್ಸಿನವರೆಗೆ ನನ್ನ ಜೊತೆ ಬಂದರು. ಕಂಡಕ್ಟರಿಗೆ ನನ್ನನ್ನು ಶೃಂಗೇರಿಯಲ್ಲಿ ಇಳಿಸಲು ಹೇಳಿದರು. ನನ್ನ ಮುಖ ನೋಡಲಿಲ್ಲ.

ಈಗ ನನ್ನದು. ಒಂದು ತಿಂಗಳ ಮಾತಿಗಾಗಿ ಶಾಂತಕ್ಕನಿಗೆ ಉತ್ತರ ಬರೆಯಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಶಾಂತಕ್ಕನ ಕಾಗದ ಬಂದ ದಿನವೇ ನಾನು ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗಿ ಆಪರೇಷನ್ನಿಗೆ ಹೆಸರು ಬರೆಸಿ ಬಂದಿದ್ದೆ. ಅವರಿಗೆ ಉತ್ತರ ಬರೆದರೆ ನಿಜ ಬರೆಯಬೇಕಾಗುತ್ತಿತ್ತು, ನಿಜ ಬರೆದರೆ ನನ್ನ ಪಾಲು ಕಡಿಮೆಯಾಗುತ್ತಿತ್ತು. ಎರಡು ತಿಂಗಳು ಆ ಕಾಗದವನ್ನು ದಿನಾ ಓದಿ ದಿನಾ ಮಡಚಿ ಇಟ್ಟೆ. ನಿನಗೆ ಉಪದೇಶ ಬರೆಯುವುದು ನನಗೆ ಸುಲಭವಾಗಿತ್ತು. ನೀನಾದರೂ ಮಗಳಿಗೆ ಮಾಡಿದೆ. ನಾನು ಮಾಡಿದ್ದು ನನಗೇ.

ಹೆಸರು ತೆಗೆಸಿದ್ದೇನೆ.

ಉಳಿದ ನಾಲ್ಕು ಪವನನ್ನು ನೀನು ವೆಂಕಟರಮಣರಿಗೆ ತಲುಪಿಸು. ನಮ್ಮ ಹದಿನಾಲ್ಕರಲ್ಲಿ ನಿನ್ನ ಏಳನ್ನು ಇಟ್ಟುಕೊಂಡು ನನ್ನ ಏಳನ್ನು ಯೋಗೇಂದ್ರಾಚಾರರ ಅಂಗಡಿಯಲ್ಲಿ ಕೊಟ್ಟುಬಿಡು, ನಾನು ಅಲ್ಲಿಂದ ತೆಗೆದುಕೊಳ್ಳುತ್ತೇನೆ. ಸದ್ಯ ಕಾಗದ ಬೇಡ. ನಿನ್ನ ಮೇಲಿನ ಸಿಟ್ಟಿಗಲ್ಲ. ನಿನ್ನ ಅಕ್ಷರ ಕಂಡರೆ ನನ್ನದು ನೆನಪಾಗುತ್ತದೆ.

ಗೋದಾವರಿ


ನರಸಿಂಹರಾಜಪುರ
೨೩ ನವೆಂಬರ್ ೨೦೨೫

ಗೋದಾವರಿ,

ಬೇಡ ಎಂದರೂ ಬರೆಯುತ್ತಿದ್ದೇನೆ. ಇದೊಂದು.

ನಿನ್ನ ಏಳು ಪವನು ಆಚಾರರ ಹತ್ತಿರ ಇವೆ. ಬುಧವಾರ ಸಿರಿಮನೆಗೂ ಹೋಗಿದ್ದೆ. ವೆಂಕಟರಮಣರು ಮನೆಯಲ್ಲಿರಲಿಲ್ಲ, ಅಥವಾ ಇದ್ದೂ ಹೊರಗೆ ಬರಲಿಲ್ಲ. ನಾಲ್ಕನ್ನೂ ಅವರ ಹೆಂಡತಿಯ ಕೈಗೆ ಕೊಟ್ಟೆ. ಆಕೆ ಎಣಿಸಿದರು. "ಸರದಲ್ಲಿ ಐದಿತ್ತು" ಎಂದರು. ಬೇಕೆಂದೇ ಅಂದದ್ದಲ್ಲ, ಎಣಿಸಿದಾಗ ಬಾಯಿಗೆ ಬಂದದ್ದು. ಐದನೆಯದರಲ್ಲಿ ನನ್ನ ಅರ್ಧವನ್ನು ವರ್ಷದೊಳಗೆ ತೀರಿಸುತ್ತೇನೆ ಎಂದೆ. ಅವರು ನಾಲ್ಕನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು.

ಹೊಸ ಮನೆಗೆ ಬಂದು ಹತ್ತು ದಿನವಾಯಿತು. ಎರಡು ಕೋಣೆ, ಅಡುಗೆಮನೆ, ಹಿಂದೆ ಒಂದು ಬಾವಿ. ಮಗು ಇಡೀ ದಿನ ಓಡುತ್ತದೆ. ಮೊದಲ ದಿನ ಶ್ವೇತ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು.

ನಿನ್ನ ಕಾಗದವನ್ನು ಅವಳಿಂದ ಮುಚ್ಚಿಡಬೇಕೆಂದೇ ಇದ್ದೆ. ಆದರೆ ನಿನ್ನೆ ಅವಳು ದೇವರ ಗೂಡಿಗೆ ಬಣ್ಣ ಹಚ್ಚುತ್ತ, "ಅಮ್ಮಾ, ನಿಮ್ಮ ಪವನು ನಮ್ಮನ್ನ ಉಳಿಸಿತು" ಅಂದಳು. ಆಗ ತಡೆಯಲಾಗಲಿಲ್ಲ. ಕಾಗದ ತಂದು ಕೈಗೆ ಕೊಟ್ಟೆ. ನಿಂತೇ ಓದಿದಳು. ಓದಿ ಮುಗಿಸಿ ಬ್ರಶ್ಶನ್ನು ಡಬ್ಬಿಯ ಮೇಲಿಟ್ಟಳು.

"ಅವ್ರಿಗೆ ಕಾಯಿಲೆ ಅಂತ ನಿಂಗೆ ಗೊತ್ತಿತ್ತಾ?"

ಇಲ್ಲ ಎಂದೆ. ಅದು ನಿಜ, ಗೋದೂ. ನಿನಗೂ ಗೊತ್ತು ಅದು ನಿಜ ಎಂದು.

ಅವಳು ಕಾಗದವನ್ನು ಮಡಚಿ ನನಗೆ ವಾಪಸು ಕೊಟ್ಟಳು. ಆಮೇಲೆ ಕೇಳಿದಳು.

"ಗೊತ್ತಿದ್ದಿದ್ರೆ ಕೊಡ್ತಿದ್ಯಾ?"

ಕೊಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಮಗು ಆ ಹೊತ್ತಿಗೆ ಅಂಗಳದಿಂದ ಓಡಿ ಬಂದು ಅವಳ ಕಾಲು ಹಿಡಿದುಕೊಂಡಿತು. ಅವಳನ್ನು ನೋಡಿದೆ, ಮಗುವನ್ನು ನೋಡಿದೆ. ಶ್ವೇತ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಆಗಿನಿಂದ ಮನೆಯಲ್ಲಿ ಬೇಕಾದಷ್ಟೇ ಮಾತು.

ನಿನ್ನೆಯಿಂದ ಅದೇ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳುತ್ತಿದ್ದೇನೆ. ಅಡುಗೆ ಮಾಡುವಾಗ, ನೀರು ಸೇದುವಾಗ. ಮಗಳಿಗೆ ಹೇಳಲಾಗದ್ದನ್ನು ನಿನಗಾದರೂ ಸುಳ್ಳಿಲ್ಲದೆ ಬರೆಯೋಣ ಎಂದು ಕೂತೆ. ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ. ಕೊಡುತ್ತಿದ್ದೆ ಎಂದು ಬರೆದರೂ ಅದು ನನ್ನ ಕೈಬರಹದಂತೆ ಕಾಣುವುದಿಲ್ಲ. ಕೊಡುತ್ತಿರಲಿಲ್ಲ ಎಂದು ಬರೆದರೂ ಹಾಗೇ.

ಅನ್ನಪೂರ್ಣ